ಮಾವ ಆಡದ ಅಧ್ಯಕ್ಷ ಭಾಷಣ

ನನ್ನ ಸೋದರಮಾವನ ಬಗ್ಗೆ ಅವನ ಹಟ್ಟಿಯವರು ಹೇಳುವ ಕಥೆ ಹೀಗಿದೆ. ಶಾಲೆಯ ವಾರ್ಷಿಕೋತ್ಸವದ ದಿನ ಮಾವ ವೇದಿಕೆಯ ಮೇಲೆ ಎದ್ದು ನಿಂತನಂತೆ, ಮೈಕು ಹಿಡಿದನಂತೆ, ಶಾಲೆಗೆ ಅಂಟಿಕೊಂಡಿರುವ, ಕುರಿ ಕೂಡುವ ತನ್ನ ರೊಪ್ಪದ ಜಾಗವನ್ನು ಮಕ್ಕಳ ಲೈಬ್ರರಿಗೆ ಬಿಟ್ಟುಕೊಡುತ್ತೇನೆ ಎಂದು ಒಂದೇ ಮಾತಿನಲ್ಲಿ ಹೇಳಿ ಕೂತನಂತೆ. ಆಮೇಲೆ ಚಪ್ಪಾಳೆ ನಿಲ್ಲಲಿಲ್ಲವಂತೆ. ಈ ಕಥೆ ಹೇಳುವವರಲ್ಲಿ ಮುಕ್ಕಾಲು ಜನ ತಾವು ಮುಂದಿನ ಸಾಲಿನಲ್ಲೇ ಕೂತಿದ್ದೆವು ಅನ್ನುತ್ತಾರೆ. ಆ ಶಾಲೆಯ ಅಂಗಳದಲ್ಲಿ ಅಷ್ಟು ಉದ್ದದ ಮುಂದಿನ ಸಾಲು ಹಾಕುವುದಕ್ಕೆ ಜಾಗವೇ ಇಲ್ಲ.

ನನ್ನ ತಕರಾರು ಚಪ್ಪಾಳೆಯ ಬಗ್ಗೆ ಅಲ್ಲ. ಮಾವ ಅವತ್ತು ಆ ಊರಲ್ಲೇ ಇರಲಿಲ್ಲ.

ಅವನು ಚಿತ್ರದುರ್ಗದಲ್ಲಿ, ಒಂದು ಕಾಲೇಜಿನ ಸಭಾಂಗಣದ ಮೂರನೇ ಸಾಲಿನಲ್ಲಿ, ಹೆಗಲ ಮೇಲಿನ ಕಂಬಳಿಯನ್ನು ಪಕ್ಕದ ಕುರ್ಚಿಗೆ ಇಳಿಸಿ, ನಾನು ಮಾತಾಡುವುದನ್ನು ಕೇಳುತ್ತಿದ್ದ. ಸಾಕ್ಷಿ ನಾನೇ. ಅವತ್ತು ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆ. ವಿಷಯ: ಮೊಬೈಲಿಗಿಂತ ಮುದ್ರಿತ ಪತ್ರಿಕೆಯೇ ಹೆಚ್ಚು ನಂಬಿಕೆಗೆ ಅರ್ಹ. ಚೀಟಿ ಎತ್ತಿದಾಗ ನನಗೆ ಪರ ಬಂತು. ವಿರೋಧ ಬಂದಿದ್ದರೆ ವಿರೋಧ ಮಾತಾಡುತ್ತಿದ್ದೆ, ಅದೇ ಗಂಟಲಿನಲ್ಲಿ. ಸಿರಿಗೆರೆಯಲ್ಲಿ ಹೈಸ್ಕೂಲು ಓದುವಾಗಿನಿಂದ ನಾನು ಕಲಿತ ವಿದ್ಯೆಯೇ ಅದು. "ಮೊಬೈಲಿನಲ್ಲಿ ಬಂದ ಸುದ್ದಿಗೆ ಅಪ್ಪ ಅಮ್ಮ ಯಾರೂ ಇಲ್ಲ. ಪತ್ರಿಕೆಯ ಸುದ್ದಿಯ ಹಿಂದೆ ಕಣ್ಣಾರೆ ಕಂಡ ಒಬ್ಬ ಮನುಷ್ಯ ನಿಂತಿರುತ್ತಾನೆ" ಎಂದು ಮೇಜು ಗುದ್ದಿ ಹೇಳಿದೆ. ಹೊಳಲ್ಕೆರೆಯಿಂದ ಬಂದಿದ್ದ ನಿರ್ಣಾಯಕರು ತಲೆದೂಗಿದರು. ಹೊಸದುರ್ಗದ ಹುಡುಗನೊಬ್ಬ ಎರಡನೆಯವನಾದ. ತನಗೆ ಅನ್ಯಾಯವಾಯಿತು ಎಂದು ಅವನು ಈಗಲೂ ಹೇಳಿಕೊಂಡು ತಿರುಗುತ್ತಾನೆ. ಮುಂದೆ ನಡೆದದ್ದು ಗೊತ್ತಾದರೆ ಇನ್ನೂ ಜೋರಾಗಿ ಹೇಳಿಯಾನು.

ಮಾವ ಬಂದದ್ದು ನನಗೆ ಬಹುಮಾನಕ್ಕಿಂತ ದೊಡ್ಡದಾಗಿತ್ತು. ನಾಲ್ಕು ವರ್ಷದಿಂದ ಕರೆಯುತ್ತಿದ್ದೆ. ಕುರಿ ಬಿಟ್ಟು ಬರುವುದಕ್ಕೆ ಆಗುವುದಿಲ್ಲ ಅನ್ನುತ್ತಿದ್ದ. ಆ ಸಲ ನಾನು ಕರೆದೇ ಇರಲಿಲ್ಲ. ಹಿಂದಿನ ಸಂಜೆ ಅವನೇ ಫೋನು ಮಾಡಿ, "ನಾಳೆ ಎಷ್ಟೊತ್ತಿಗವ್ವ ನಿನ್ನ ಮಾತು? ಬತ್ತೀನಿ" ಅಂದ. ನಾನು ಉಬ್ಬಿಹೋದೆ. ಉಬ್ಬಿದವರು ಪ್ರಶ್ನೆ ಕೇಳುವುದಿಲ್ಲ. ನನ್ನಂಥವಳೂ ಕೇಳಲಿಲ್ಲ.

ಮಾವನ ಹಟ್ಟಿ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ, ಹರಿಯಬ್ಬೆಯ ಕಡೆ. ಅಲ್ಲಿ ಅವನು ಶಾಲಾ ಸಮಿತಿಯ ಅಧ್ಯಕ್ಷ. ಬೇರೆ ಯಾರೂ ಒಪ್ಪದಿದ್ದಾಗ, ಬೇಡ ಎಂದು ಹೇಳುವುದಕ್ಕೂ ಬಾಯಿ ತೆರೆಯದವನು ಅಧ್ಯಕ್ಷನಾಗುತ್ತಾನೆ. ಕುರಿಗಳ ಜೊತೆ ಮಾವ ದಿನವಿಡೀ ಮಾತಾಡುತ್ತಾನೆ. ಬೈಯುತ್ತಾನೆ, ಬುದ್ಧಿ ಹೇಳುತ್ತಾನೆ, ಒಂದೊಂದು ಕುರಿಯ ಬಳಿ ಕ್ಷಮೆಯನ್ನೂ ಕೇಳುತ್ತಾನೆ. ಮೈಕು ಕಂಡರೆ ಮಾತ್ರ ಗಂಟಲು ಕಟ್ಟುತ್ತದೆ. ಹಿಂದೊಮ್ಮೆ ಸ್ವಾತಂತ್ರ್ಯ ದಿನದಂದು ಬಲವಂತವಾಗಿ ಎಬ್ಬಿಸಿದಾಗ, "ಎಲ್ರಿಗೂ ನಮಸ್ಕಾರ. ಊಟ ಐತೆ, ಮಾಡ್ಕಂಡ್ ಹೋಗ್ರಿ" ಎಂದು ಕೂತುಬಿಟ್ಟ. ಅವತ್ತು ಊಟ ಇರಲಿಲ್ಲ. ಜನ ಮಧ್ಯಾಹ್ನದವರೆಗೆ ಕಾದರು.

ಅಂಥವನು ನಮ್ಮ ಸ್ಪರ್ಧೆ ಮುಗಿಸಿಕೊಂಡು ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹಟ್ಟಿಗೆ ಬಂದಿಳಿದಾಗ ಸಂಜೆ. ವಾರ್ಷಿಕೋತ್ಸವ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಹೆಡ್‌ಮೇಡಂ ಅಧ್ಯಕ್ಷರ ಕುರ್ಚಿಗೆ ಹೊದಿಸಿದ್ದ ಶಾಲನ್ನು ಮಡಿಸುತ್ತಾ ಮಾವನನ್ನು ನೋಡಿ "ಬಂದ್ರಾ?" ಎಂದಷ್ಟೇ ಕೇಳಿದರು. ಮಾವ "ಹ್ಞೂಂ" ಅಂದ. ಅಧ್ಯಕ್ಷರೇ ತಪ್ಪಿಸಿಕೊಂಡರೆ ಇಷ್ಟಕ್ಕೇ ಬಿಡುವ ಹೆಡ್‌ಮೇಡಂ ಅವರಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು.

ಮರುದಿನ ಬೆಳಗಿನ ಬಸ್ಸಿನಲ್ಲಿ ಪೇಪರು ಬಂತು. ಜಿಲ್ಲಾ ಪುಟದಲ್ಲಿ ಎರಡು ಸುದ್ದಿ ನಮ್ಮವು. ನಾನು ಮೊದಲು ಓದಿದ್ದು ನನ್ನದನ್ನೇ. ನಾಲ್ಕೇ ಸಾಲು, ಒಂದು ಸಣ್ಣ ಫೋಟೋ, ಆದರೆ "ಕಿಕ್ಕಿರಿದ ಸಭಾಂಗಣದ ದೀರ್ಘ ಕರತಾಡನದ ನಡುವೆ" ಪ್ರಥಮ ಸ್ಥಾನ ಪಡೆದಳು ಎಂದು ಬರೆದಿತ್ತು. ಸಭಾಂಗಣದಲ್ಲಿದ್ದವರು ಹನ್ನೊಂದು ಜನ. ಕರತಾಡನ ದೀರ್ಘವಾಗಿದ್ದು ನಿಜ. ಯಾವಾಗ ನಿಲ್ಲಿಸಬೇಕೆಂದು ಮಾವನಿಗೆ ಗೊತ್ತಾಗಿರಲಿಲ್ಲ. ಸುದ್ದಿಯಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಮೂರು ಸಲ ಓದಿದೆ.

ಅದರ ಕೆಳಗಿನದನ್ನು ಬಸ್‌ಸ್ಟಾಪಿನ ಟೀ ಅಂಗಡಿಯವರು ಗಟ್ಟಿಯಾಗಿ ಓದಿದರು. "ಸಮಾರಂಭದ ಅಧ್ಯಕ್ಷತೆ ವಹಿಸಿ ಮಾತನಾಡಿದ ಶಾಲಾ ಸಮಿತಿ ಅಧ್ಯಕ್ಷರು, ಗ್ರಾಮೀಣ ಮಕ್ಕಳಲ್ಲಿ ಅಡಗಿರುವ ಪ್ರತಿಭೆಯನ್ನು ಹೊರತರುವುದು ಇಂದಿನ ಅಗತ್ಯವಾಗಿದೆ ಎಂದು ಅಭಿಪ್ರಾಯಪಟ್ಟರು. ಶಾಲೆಯ ಪಕ್ಕದಲ್ಲಿರುವ ತಮ್ಮ ಕುರಿರೊಪ್ಪದ ಜಾಗವನ್ನು ಗ್ರಂಥಾಲಯಕ್ಕೆ ನೀಡುವುದಾಗಿ ಭರವಸೆ ನೀಡಿದರು." ಆಮೇಲೆ ಉಪಸ್ಥಿತರಿದ್ದವರ ಹೆಸರುಗಳು, ಹನ್ನೆರಡು ಸಾಲು.

ಅಂಗಡಿಯಲ್ಲಿದ್ದ ಒಬ್ಬರು ಹೇಳಿದರು: "ಲೇ, ಇವ್ನು ಬಂದೇ ಇರ್ಲಿಲ್ಲಲ್ಲೋ!"

ಆ ಮಾತನ್ನು ಗುರುತು ಹಾಕಿಕೊಳ್ಳಿ. ಮೊದಲ ದಿನ ಎಲ್ಲರಿಗೂ ಸತ್ಯ ಗೊತ್ತಿತ್ತು. ಒಂದು ವಾರ ಕಳೆದಾಗ, "ಕೊನೆಗೊಂದ್ಸಲ್ಪ ಹೊತ್ತು ಬಂದಿದ್ನೇನೋ ಕಣಪ್ಪ" ಎಂದು ಶುರುವಾಯಿತು. ದೀಪಾವಳಿಯ ಹೊತ್ತಿಗೆ ಆ ಕಥೆಯಲ್ಲಿ, ಮಾತಾಡುವಾಗ ಮಾವನ ಕಣ್ಣಲ್ಲಿ ನೀರು ಬಂದಿತ್ತು. ಮುಂದಿನ ಸಾಲಿನವರು ನೋಡಿದ್ದರು.

ಮನೆಯಲ್ಲಿ ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ನಾನು ಸುದ್ದಿ ಓದಿ ಹೇಳಿದೆ. ಅತ್ತೆ ಮಾವನ ಮೇಲೆ ಸಿಟ್ಟು ಬಂದಾಗ ಅವನ ಜೊತೆ ಮಾತಾಡುವುದಿಲ್ಲ. ಅವನ ಎದುರಿಗೇ ಬೇರೆಯವರಿಗೆ ಹೇಳುತ್ತಾಳೆ.

"ರೊಪ್ಪ ಕೊಟ್ರೆ ಕುರಿ ಎಲ್ಲಿ ಕೂಡಾದು ಅಂತ ನಿಮ್ಮಾವಂಗೆ ಕೇಳವ್ವ. ಹೊಲದಾಗ? ಗುಡ್ಡದಿಂದ ಚಿರತೆ ಇಳಿದ್ರೆ ಎದುರಿಗೆ ಪೇಪರ್ ಹಿಡಿತಾರಂತಾ?"

ಇದು ತಮಾಷೆಯ ಮಾತಾಗಿರಲಿಲ್ಲ. ರೊಪ್ಪ ಊರೊಳಗೆ, ಮನೆಗೆ ಕೂಗಳತೆಯಲ್ಲಿದೆ. ಸುತ್ತ ಜಾಲಿಮುಳ್ಳಿನ ಬೇಲಿ. ಅದು ಹೋದರೆ ಅರವತ್ತು ಕುರಿಗೆ ಬೇರೆ ನೆಲೆ ಹುಡುಕಬೇಕು. ಆ ಕುರಿಗಳಲ್ಲದೆ ಆ ಮನೆಗೆ ಬೇರೆ ಬದುಕಿಲ್ಲ. ಶಾಲೆಯ ಪರವಾಗಿಯೂ ವಾದವಿತ್ತು, ಅದನ್ನೂ ಹೇಳಬೇಕು: ಪುಸ್ತಕಗಳೆಲ್ಲ ಬಿಸಿಯೂಟದ ಕೋಣೆಯ ಒಂದು ಟ್ರಂಕಿನಲ್ಲಿ ಬೇಳೆ ಮೂಟೆಯ ಪಕ್ಕ ಇದ್ದವು, ಮಕ್ಕಳಿಗಿಂತ ಇಲಿಗಳೇ ಹೆಚ್ಚು ಓದಿದ್ದವು.

"ಮಾವ, ನೀನು ಹೇಳೇ ಇಲ್ಲ. ಹೇಳಿಲ್ಲ ಅಂತ ನಾನು ಪೇಪರಲ್ಲೇ ಹಾಕಿಸ್ತೀನಿ" ಅಂದೆ.

ಮಾವ ರೊಟ್ಟಿ ಮುರಿಯುತ್ತಾ, "ಯಾಕವ್ವ, ಬಿಡು" ಅಂದ.

"ಬಿಡು ಅಂತೆ! ಹೋಗವ್ವ ನೀನು, ಹೋಗಿ ಹಾಕ್ಸು" ಅಂದಳು ಅತ್ತೆ, ಒಲೆಗೆ.

ಹೀಗೆ, ಪತ್ರಿಕೆಯ ವಿಶ್ವಾಸಾರ್ಹತೆಯ ಪರವಾಗಿ ಗೆದ್ದ ಎರಡನೇ ದಿನಕ್ಕೆ ನಾನು ಪತ್ರಿಕೆಯ ವಿರುದ್ಧ ವಾದಿಸಲು ಹಿರಿಯೂರಿನ ಬಸ್ಸು ಹತ್ತಿದೆ. ಚೀಟಿ ಎತ್ತುವ ತಾಪತ್ರಯವೂ ಇರಲಿಲ್ಲ.

ವರದಿಗಾರರ ವಿಳಾಸ ಕೇಳಿದರೆ ಎಲ್ಲರೂ ಒಂದು ಝೆರಾಕ್ಸ್ ಅಂಗಡಿ ತೋರಿಸಿದರು. ಬೋರ್ಡಿನಲ್ಲಿ ಝೆರಾಕ್ಸ್, ಲ್ಯಾಮಿನೇಷನ್, ಮದುವೆ ಕಾರ್ಡು, ಫ್ಲೆಕ್ಸು, ಎಲ್ಲದರ ಕೆಳಗೆ ಸಣ್ಣಗೆ ಪತ್ರಿಕಾ ವರದಿ. ಐವತ್ತು ದಾಟಿದ, ಕನ್ನಡಕವನ್ನು ಹಣೆಗೇರಿಸಿಕೊಂಡ ಒಬ್ಬರು ಯಾರದೋ ಗೃಹಪ್ರವೇಶದ ಕಾರ್ಡಿಗೆ ಗಣಪತಿಯನ್ನು ಎಡದಿಂದ ಬಲಕ್ಕೆ ಸರಿಸುತ್ತಿದ್ದರು.

"ಬಾರಮ್ಮ, ಕುಂತ್ಕ. ಕಲರ್ರಾ, ಬ್ಲಾಕ್ ಅಂಡ್ ವೈಟಾ?"

"ಝೆರಾಕ್ಸ್ ಅಲ್ಲ ಸಾರ್. ತಿದ್ದುಪಡಿ" ಅಂದು ಪೇಪರು ಹರಡಿದೆ. "ಇವರು ನಮ್ಮಾವ. ಈ ಭಾಷಣ ಮಾಡಿಲ್ಲ. ಮಾಡೋದಿರಲಿ, ಅಲ್ಲಿರಲೇ ಇಲ್ಲ."

ಅವರು ಕನ್ನಡಕ ಇಳಿಸಿ ಓದಿದರು. ತಾವೇ ಬರೆದದ್ದನ್ನು ಬೇರೆಯವರದೆಂಬಂತೆ ಮೆಚ್ಚಿಕೊಂಡು ಓದಿದರು. "ಕಾರ್ಡಲ್ಲಿ ಹೆಸ್ರೈತಲ್ಲಮ್ಮ."

"ಕಾರ್ಡಲ್ಲಿದ್ದರೆ ಬಂದಿರ್ತಾರೆ ಅಂತಲಾ ಸಾರ್?"

"ಬರ್ಬೇಕು. ಬರ್ದಿದ್ರೆ ಅದು ಅವ್ರ ತಪ್ಪು. ಪೇಪರಿಂದೇನೈತೆ?"

ನಾನು ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಜನರ ಬಾಯಿ ಕಟ್ಟಿದ್ದೇನೆ. ಈ ಮಾತಿಗೆ ಎದುರು ವಾದ ಹುಡುಕುತ್ತಾ ಪೇಪರನ್ನು ಮಡಿಸಿ ಮತ್ತೆ ಬಿಚ್ಚಿದೆ. ಅಷ್ಟರಲ್ಲಿ ಅವರು ತಮ್ಮ ಕೆಲಸದ ರೀತಿಯನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ತಾಲ್ಲೂಕಿನ ಅರ್ಧ ಸಮಾರಂಭಗಳ ಕಾರ್ಡು ಅಚ್ಚಾಗುವುದು ಅವರಲ್ಲೇ. ಒಂದೇ ದಿನ ಐದು ಕಡೆ ಕಾರ್ಯಕ್ರಮ ಇದ್ದರೆ ಒಬ್ಬ ಮನುಷ್ಯ ಎಲ್ಲಿಗೆ ಹೋಗುವುದು? ಆದ್ದರಿಂದ ಕಾರ್ಡು ಜೋಡಿಸುವಾಗಲೇ ಅದರ ಸುದ್ದಿಯನ್ನೂ ಜೋಡಿಸಿಬಿಡುತ್ತಾರೆ. ಕಾರ್ಯಕ್ರಮ ಮುಗಿದ ಸಂಜೆ ಯಾರಾದರೂ ಒಂದು ಫೋಟೋ ಕಳಿಸಿದರೆ ಸಾಕು, ಸುದ್ದಿ ಹೊರಡುತ್ತದೆ. ಮಳೆ ಬಂದು ಕಾರ್ಯಕ್ರಮ ನಿಂತುಹೋದರೆ ಮಾತ್ರ ಒಂದು ಫೋನು ಮಾಡಿ ಎಂದು ಗಿರಾಕಿಗಳಿಗೆ ಹೇಳಿರುತ್ತಾರೆ.

"ಅಂದ್ರೆ ಭಾಷಣ ಆಗೋ ಮೊದಲೇ ಭಾಷಣದ ವರದಿ?"

"ಏನಮ್ಮ, ಭಾಷಣ ಕೇಳೋಳು ನೀನು. ಅಧ್ಯಕ್ಷರು ಎದ್ದು ಪ್ರತಿಭೆ ಹೊರತರಬೇಕು ಅನ್ನದೆ ಇನ್ನೇನಂತಾರೆ? ಇವತ್ತಿನ ತಂಕ ಬೇರೆ ಯಾರಾದ್ರೂ ಏನಾದ್ರೂ ಅಂದಿದ್ ಕೇಳಿದ್ದೀಯಾ?"

ಪ್ರಾಮಾಣಿಕವಾಗಿ ಹೇಳುವುದಾದರೆ, ಕೇಳಿರಲಿಲ್ಲ.

"ಪ್ರತಿಭೆ ಸರಿ ಸಾರ್. ರೊಪ್ಪ? ರೊಪ್ಪ ಕೊಡ್ತೀನಿ ಅಂತ ಎಲ್ಲಾ ಅಧ್ಯಕ್ಷರೂ ಅಂತಾರಾ?"

ಅದಕ್ಕೆ ಅವರು ನಕ್ಕರು. "ಅದು ನಂದಲ್ಲ" ಎಂದು ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹಾಳೆಗಳ ಕಟ್ಟನ್ನು ಇಳಿಸಿದರು. ಕಾರ್ಡು ಅಚ್ಚಿಗೆ ಹೋಗುವ ಮೊದಲು ಕರಡು ತೋರಿಸಿ, ಎಲ್ಲ ಸರಿಯಿದೆ ಎಂದು ಗಿರಾಕಿಯಿಂದ ರುಜು ಹಾಕಿಸಿಕೊಳ್ಳುವುದು ಅವರ ಕ್ರಮ. ಹೆಸರು ಮೇಲೆ ಕೆಳಗಾಯಿತೆಂದು ಜಗಳಕ್ಕೆ ಬಂದವರಿಗೆ ಅದನ್ನೇ ತೋರಿಸುತ್ತಾರೆ. ಕಟ್ಟಿನಿಂದ ಒಂದು ಹಾಳೆ ಎಳೆದು ನನ್ನ ಮುಂದಿಟ್ಟರು. ಮೇಲರ್ಧ ವಾರ್ಷಿಕೋತ್ಸವದ ಕಾರ್ಡು. ಕೆಳಗಿನರ್ಧ, ಇನ್ನೂ ನಡೆಯದ ವಾರ್ಷಿಕೋತ್ಸವದ ಸುದ್ದಿ. ಅದರಲ್ಲಿ "ಭರವಸೆ ನೀಡಿದರು" ಎಂಬುದರ ಹಿಂದೆ ಚುಕ್ಕಿ ಚುಕ್ಕಿಯ ಖಾಲಿ ಗೆರೆ. ಏನು ಭರವಸೆ ಎಂಬುದನ್ನು ಗಿರಾಕಿಗಳು ತುಂಬಬೇಕು. ಹೆಚ್ಚಿನವರು "ಅಗತ್ಯ ಸಹಕಾರದ" ಎಂದು ತುಂಬುತ್ತಾರಂತೆ. ಇಲ್ಲಿ ನೀಲಿ ಪೆನ್ನಿನಲ್ಲಿ, ಪಾಠ ಹೇಳುವವರ ದುಂಡಗಿನ ಅಕ್ಷರದಲ್ಲಿ, ರೊಪ್ಪದ ಜಾಗದ ಮಾತು ಬರೆದಿತ್ತು. ಹಾಳೆಯ ತಳದಲ್ಲಿ ರುಜು. ಮೊದಲ ಅಕ್ಷರ ಟಗರಿನ ಕೊಂಬಿನ ಹಾಗೆ ಸುತ್ತಿಕೊಂಡಿತ್ತು. ಆ ಕೊಂಬು ನನ್ನ ಮಾವನದು.

"ಇಬ್ರು ಬಂದಿದ್ರು. ಮೇಡಮ್ಮೂ, ನಿಮ್ಮಾವನೂ" ಅಂದರು ಅವರು.

"ಯಾರು ಹೇಳಿದ್ರು ಸಾರ್ ಇದನ್ನ ಬರೀರಿ ಅಂತ?"

"ನಾನು ಲ್ಯಾಮಿನೇಷನ್ ಮಿಷಿನ್ ಹತ್ರ ಇದ್ದೆ."

ನನ್ನಲ್ಲಿ ಇನ್ನೂ ಒಂದು ವಾದ ಉಳಿದಿತ್ತು. ಮಾವ ತೋರಿಸಿದ ಕಡೆ ರುಜು ಹಾಕುವವನು, ಬ್ಯಾಂಕಿನಲ್ಲೂ ಹಾಗೆಯೇ. ಓದದೆ ಹಾಕಿದ ರುಜು ಒಪ್ಪಿಗೆಯಲ್ಲ. ಅದನ್ನು ಹೇಳಿ ತಿದ್ದುಪಡಿ ಹಾಕಲೇಬೇಕೆಂದೆ.

"ಹಾಕಾಣ, ಅದಕ್ಕೇನು" ಎಂದು ಅವರು ಅಲ್ಲೇ ಟೈಪು ಮಾಡಿ, ಒಂದು ಹಾಳೆ ತೆಗೆದು ಕೊಟ್ಟರು. ತಲೆಬರಹ: "ಗ್ರಂಥಾಲಯಕ್ಕೆ ಜಾಗ ಇಲ್ಲ: ಅಧ್ಯಕ್ಷರ ಸ್ಪಷ್ಟನೆ."

"ಹೀಗಲ್ಲ ಸಾರ್! ಹೀಗೆ ಹಾಕಿದರೆ ಮಾವ ಕೊಟ್ಟು ಕಿತ್ತುಕೊಂಡ ಹಾಗಾಗುತ್ತೆ. ವರದಿ ತಪ್ಪು ಅಂತ ಹಾಕಿ."

"ಪೇಪರ್ ತಪ್ಪು ಅಂತ ಪೇಪರಲ್ಲೇ ಎಂಗಮ್ಮ ಹಾಕಾದು?" ಆಮೇಲೆ ಸ್ವಲ್ಪ ಮುಂದೆ ಬಾಗಿ, ಬಹಳ ಮೃದುವಾಗಿ, ನನ್ನ ಸುದ್ದಿಯ ಮೇಲೆ ಬೆರಳಿಟ್ಟರು. "ಇದೂ ನಿಂದೇ ಅಲ್ವಾ? ಫೋಟೋ ಐತೆ. ಕಿಕ್ಕಿರಿದ ಸಭಾಂಗಣ. ಎಷ್ಟು ಜನ ಇದ್ರಮ್ಮ? ಹೇಳು, ಒಂದೇ ಏಟಿಗೆ ಎರಡು ತಿದ್ದುಪಡಿ ಹಾಕಾಣ."

ಆ ಹೊತ್ತಿಗೆ ಟೀ ಬಂದದ್ದು ಒಳ್ಳೆಯದಾಯಿತು. ನಾನು ಕುಡಿದೆ.

ಏಳುವಾಗ ಅವರು ಹೇಳಿದರು: ತಿದ್ದುಪಡಿಯ ಕೆಳಗೆ ಮಾವನ ರುಜು ಬೇಕು, ತರಿಸಿಕೊಟ್ಟರೆ ನಾಳಿದ್ದೇ ಹಾಕುತ್ತಾರೆ. ನನ್ನ ನಾಲ್ಕು ಸಾಲನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿ ಕೈಗಿಟ್ಟರು. ಬೇಡ ಅನ್ನಬೇಕು ಎಂದುಕೊಂಡೆ. ಬಸ್ಸಿನಲ್ಲಿ ಅದು ಬಾಗದ ಹಾಗೆ ಪುಸ್ತಕದ ನಡುವೆ ಇಟ್ಟುಕೊಂಡೆ.

ಹಟ್ಟಿಯಲ್ಲಿಳಿದು ನೇರ ಶಾಲೆಗೆ ಹೋದೆ. ಹೆಡ್‌ಮೇಡಂ ಬಿಸಿಯೂಟದ ಕೋಣೆಯ ಹೊರಗೆ ಟ್ರಂಕು ತೆರೆದು ಪುಸ್ತಕಗಳನ್ನು ಬಿಸಿಲಿಗೆ ಹರಡುತ್ತಿದ್ದರು.

"ಮೇಡಂ, ಕರಡಿನಲ್ಲಿ ಆ ಮಾತು ಬರೆದಿದ್ದು ನೀವೇನಾ?"

"ಬರೆದಿದ್ದು ನಾನೇ" ಅಂದರು, ತಲೆ ಎತ್ತದೆ. "ಹೇಳಿದ್ದು ಯಾರು ಅಂತ ನನ್ನನ್ನ ಕೇಳಬೇಡ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ." ಹಾಗೆ ಮಾತು ಕೊಟ್ಟದ್ದು ಯಾರಿಗೆ ಎಂದು ತಿಳಿಯಲು ಜಿಲ್ಲಾ ಮಟ್ಟದ ತರ್ಕ ಬೇಕಾಗಿರಲಿಲ್ಲ.

ಮನೆಗೆ ಬಂದಾಗ ಅತ್ತೆ ಹಿತ್ತಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನುಗ್ಗೆಮರದಿಂದ ಬಚ್ಚಲಿನವರೆಗೆ ನೆಲಕ್ಕೆ ಹೊಸ ಬೇಲಿಯ ಗೂಟಗಳು ಬಿದ್ದಿದ್ದವು. ಅವಳ ಬದನೆ, ಮೆಣಸಿನ ಗಿಡ ಇದ್ದ ಜಾಗ. ಗಿಡಗಳೆಲ್ಲ ಬೇರುಸಮೇತ ಮಣ್ಣಿನ ಜೊತೆ ಒಂದು ಬುಟ್ಟಿಯಲ್ಲಿ ಕೂತಿದ್ದವು.

"ನೋಡವ್ವ, ನಿಮ್ಮಾವ ಕುರಿ ತಂದು ಅಡಿಗೆಮನೆಗೆ ಕೂಡ್ತಾರಂತೆ. ಇನ್ಮ್ಯಾಲೆ ಸಾರಿಗೆ ಒಗ್ಗರಣೆ ಬೇಕಾಗಿಲ್ಲ, ವಾಸ್ನೆನೇ ಸಾಕು."

"ಅತ್ತೆ, ನೀನು ಒಪ್ಪಿದ್ಯಾ?"

"ಒಪ್ಪದೆ? ಊರಾಗ ಹೆಂಗಸ್ರೆಲ್ಲ ಬಂದು ಕೈಮುಗಿದು ಹೋಗ್ತಾ ಅವ್ರೆ. ಈಗ ಇಲ್ಲ ಅಂದ್ರೆ ಬಾವಿಕಟ್ಟೆ ತಾವ ನಾನೆಂಗೆ ನಿಂತ್ಕಳ್ಳಾದು?" ಎಂದು ದನಿ ಇಳಿಸಿದಳು. "ಒಂದು ಮಾತು. ಲೈಬ್ರರಿ ಓಪನಿಂಗಿಗೆ ಕಾರ್ಡ್ ಮಾಡಿಸ್ತಾರಲ್ಲ, ಅದ್ರಾಗ ನನ್ನ ಹೆಸ್ರು ಇವ್ರ ಹೆಸ್ರಿಗಿಂತ ಮ್ಯಾಲೆ ಇರ್ಬೇಕು ಅಂತ ಆ ಅಂಗ್ಡಿಯೋರಿಗೆ ಹೇಳಿ ಬಾ. ಬದ್ನೆಗಿಡ ನಂದು."

ಹೀಗೆ ನನ್ನ ಕಕ್ಷಿದಾರರಲ್ಲಿ ಒಬ್ಬಳು ಎದುರು ಪಕ್ಷಕ್ಕೆ ಹೋಗಿದ್ದಳು. ಉಳಿದವನು ರೊಪ್ಪದಲ್ಲಿದ್ದ.

ಮಾವ ಕವೆಗೋಲಿನಿಂದ ಜಾಲಿಮುಳ್ಳನ್ನು ಎತ್ತಿ ಎತ್ತಿ ಒಂದು ಕಡೆ ಹಾಕುತ್ತಿದ್ದ. ಅರ್ಧ ಬೇಲಿ ಬಿಚ್ಚಿತ್ತು. ಅವನ ಅಪ್ಪನ ಕಾಲದ ಬೇಲಿ ಅದು. ವರ್ಷಾವರ್ಷ ಮೇಲೆ ಮೇಲೆ ಹೊಸ ಮುಳ್ಳು ಬಿದ್ದು ಗೋಡೆಯಷ್ಟು ದಪ್ಪ ಆಗಿತ್ತು. ಒಂದು ಮುದಿ ಕುರಿ, ಪಕ್ಕದ ಬೇಲಿ ಬಿಚ್ಚಿದ್ದರೂ, ಬಾಗಿಲಿದ್ದ ಜಾಗದಲ್ಲೇ ಹೋಗಿ ಬಂದು ಮಾಡುತ್ತಿತ್ತು. ಮಾವ ಅದಕ್ಕೆ ಸಮಾಧಾನವಾಗಿ ಏನೋ ವಿವರಿಸುತ್ತಿದ್ದ. ಚೆನ್ನಾಗಿಯೇ ಮಾತಾಡುತ್ತಿದ್ದ. ಯಾವ ಅಧ್ಯಕ್ಷ ಭಾಷಣಕ್ಕೂ ಕಡಿಮೆ ಇರಲಿಲ್ಲ. ನನ್ನನ್ನು ಕಂಡ ಕೂಡಲೇ ನಿಲ್ಲಿಸಿದ.

ನಾನು ತಿದ್ದುಪಡಿಯ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಅವನು ಓದಿದ. ತುಟಿ ಅಲುಗಿಸುತ್ತಾ, ಬೆರಳು ಓಡಿಸುತ್ತಾ, ಒಂದೊಂದೇ ಪದವನ್ನು ನಿಧಾನವಾಗಿ, ಕೊನೆಯ ಚುಕ್ಕಿಯವರೆಗೂ ಓದಿದ. ಓದದೆ ರುಜು ಹಾಕುವವನು ಎಂಬ ನನ್ನ ಕೊನೆಯ ವಾದವೂ ಅಲ್ಲಿಗೆ ಬಿತ್ತು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಂಗೈಗೆ ಮುಳ್ಳು ಚುಚ್ಚದ ಹಾಗೆ ಕವೆಗೋಲಿನ ಹಿಡಿಗೆ ಒತ್ತಿಕೊಂಡು ಮತ್ತೆ ಕೆಲಸಕ್ಕೆ ಬಾಗಿದ.

ಅವನು ಕೊಟ್ಟದ್ದು ಸರಿಯೋ ತಪ್ಪೋ ಎಂಬುದು ನನ್ನ ವಿಷಯವಾಗಿ ಉಳಿದಿರಲಿಲ್ಲ. ಮನಸ್ಸು ಬೇರೆಲ್ಲೋ ಹೋಗಿತ್ತು. ಅಷ್ಟು ಜನರ ಮುಂದೆ ಎದ್ದು ಹೇಳಲಾರದ ಒಂದು ಮಾತನ್ನು ಅವನು ಪೇಪರಿನ ಬಾಯಲ್ಲಿ ಹೇಳಿಸಿದ್ದ. ಆಡಿ ಕೆಡಿಸದ ಹಾಗೆ, ಆ ದಿನ ಊರಿನಿಂದ ದೂರ ಇರಬೇಕಿತ್ತು. ದೂರ ಹೋಗುವುದಕ್ಕೆ ಒಂದು ನೆಪ ಬೇಕಿತ್ತು. ಮೂರನೇ ಸಾಲು, ಪಕ್ಕದ ಕುರ್ಚಿಯ ಮೇಲೆ ಕಂಬಳಿ, ನಿಲ್ಲದ ಚಪ್ಪಾಳೆ. ನಾಲ್ಕು ವರ್ಷ ಕರೆದಾಗ ಬಾರದವನು.

"ಮಾವ" ಅಂದೆ. ಚೀಲದಲ್ಲಿದ್ದ ಆ ಲ್ಯಾಮಿನೇಷನ್ ಮಾಡಿದ ನಾಲ್ಕು ಸಾಲು ಪುಸ್ತಕದ ನಡುವಿನಿಂದ ಪಕ್ಕೆಗೆ ಒತ್ತುತ್ತಿತ್ತು. "ಅವತ್ತು ದುರ್ಗಕ್ಕೆ ನೀನು ನನ್ನ ಮಾತು ಕೇಳಕ್ಕೆ ಬಂದಿದ್ಯಾ, ಇಲ್ಲಾ ನಿನ್ನ ಮಾತು ತಪ್ಪಿಸ್ಕಳಕ್ಕೆ ಬಂದಿದ್ಯಾ?"